ಎಂಟು ಗಂಟೆ ಹನ್ನೆರಡು ನಿಮಿಷದ ರಾಹು

ಯಲಹಂಕದ ಅಲ್ಲಾಳಸಂದ್ರ ಕೆರೆಯ ಹಿಂದಿನ ಆ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಯಾರೂ ಹೊಸಿಲು ದಾಟುವಂತಿರಲಿಲ್ಲ. ಅದು ರಾಹುಕಾಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿತ್ತು, ಅಜ್ಜಿ ದ್ರೌಪದಮ್ಮ ಅದಕ್ಕೆ ಕಾವಲಿದ್ದರು. ಮಗ ಶಿವರಾಮನ ಆಫೀಸು ಹತ್ತಕ್ಕೆ ಶುರುವಾಗುತ್ತಿದ್ದರಿಂದ ಅವನಿಗೆ ರಾಹುವಿನ ಮೇಲೆ ಯಾವ ದೂರೂ ಇರಲಿಲ್ಲ. ಸಿಕ್ಕಿಹಾಕಿಕೊಂಡವಳು ಮೊಮ್ಮಗಳು ಶಿಲ್ಪ.

ಶಿಲ್ಪ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಹೆಬ್ಬಾಳದ ಅವಳ ಕಾಲೇಜಿನಲ್ಲಿ ಸೋಮವಾರ ಒಂಬತ್ತಕ್ಕೆ ಶಾಂತಲಾ ಮೇಡಂ ಅವರ ಗಣಿತದ ಕ್ಲಾಸು. ತಡವಾಗಿ ಬಂದವರನ್ನು ಮೇಡಂ ಒಳಗೆ ಕೂರಿಸುತ್ತಿದ್ದರು, ಆದರೆ ಹಾಜರಿ ಕೊಡುತ್ತಿರಲಿಲ್ಲ. ಹೋದ ಸೆಮಿಸ್ಟರಿನಲ್ಲಿ ಶಿಲ್ಪ ಅತ್ತೂ ಕರೆದೂ ಹಾಲ್ ಟಿಕೆಟ್ ಗಿಟ್ಟಿಸಿದ್ದಳು. "ಜನವರಿಯಿಂದ ಮತ್ತೆ ಹೀಗೇ ಆದ್ರೆ ಪರೀಕ್ಷೆ ಮರ್ತುಬಿಡಮ್ಮ" ಎಂದು ಮೇಡಂ ಎಚ್ಚರಿಸಿದ್ದರು. ಏಳೂವರೆಗಿಂತ ಮುಂಚೆಯೇ ಹೊರಟರೆ ಆಗದೇ ಎಂದು ನೀವು ಕೇಳಬಹುದು. ಶಿಲ್ಪಳ ನಿದ್ದೆಯನ್ನು ನೀವು ಕಂಡಿಲ್ಲ, ಅದಕ್ಕೇ ಕೇಳುತ್ತೀರಿ.

ಡಿಸೆಂಬರ್ ರಜೆಯಲ್ಲಿ ಅವಳಿಗೆ ಒಂದು ವಿಷಯ ತಿಳಿಯಿತು. ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರದ ಎರಡನೇ ಪಾಲು ರಾಹುವಿನದು. ಕ್ಯಾಲೆಂಡರಿನವರು ಸೂರ್ಯ ದಿನಾ ಆರಕ್ಕೇ ಹುಟ್ಟುತ್ತಾನೆಂದು ಇಟ್ಟುಕೊಂಡು ಏಳೂವರೆ ಎಂದು ಬರೆದುಬಿಟ್ಟಿದ್ದರು. ಚಳಿಗಾಲದಲ್ಲಿ ಅವನು ಆರಕ್ಕೆಲ್ಲಿ ಹುಟ್ಟುತ್ತಾನೆ? ನಿಜವಾದ ಹೊತ್ತನ್ನು ತಾನೇ ಲೆಕ್ಕ ಹಾಕಿ ಅಜ್ಜಿಯ ಮುಂದಿಡುವುದೆಂದು ಶಿಲ್ಪ ಹಟ ಹಿಡಿದಳು. ಪ್ರೋಗ್ರಾಮ್ ಬರೆಯುವುದನ್ನು ಯಾರೂ ಹೇಳಿಕೊಡಲಿಲ್ಲ. ಇಂಟರ್ನೆಟ್ಟಿನಲ್ಲಿ ಸೂತ್ರ ಹುಡುಕಿದಳು, ಅಪ್ಪನ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತಳು.

ಮೊದಲ ಉತ್ತರದ ಪ್ರಕಾರ ಯಲಹಂಕದಲ್ಲಿ ಹಗಲೆಂಬುದು ಬರೀ ಇಪ್ಪತ್ತು ನಿಮಿಷ. ರಾಹುಕಾಲ ಎರಡೂವರೆ ನಿಮಿಷ. ಇದೇ ಸರಿಯಾಗಿರಬಾರದೇ ಎಂದು ಅವಳಿಗೆ ಒಂದು ಗಳಿಗೆ ಆಸೆಯಾಯಿತು. ಡಿಗ್ರಿಯಲ್ಲಿ ಕೊಟ್ಟ ಕೋನವನ್ನು ಕಂಪ್ಯೂಟರ್ ರೇಡಿಯನ್ ಎಂಬ ಬೇರೆ ಅಳತೆಯದೆಂದು ತಿಳಿದಿತ್ತು. ಅದನ್ನು ತಿದ್ದಿ, ಮತ್ತೆ ಲೆಕ್ಕ ಹಾಕಿ, ಅಜ್ಜಿಯನ್ನು ತಾರಸಿಗೆ ಕರೆದುಕೊಂಡು ಹೋದಳು.

"ನೋಡಜ್ಜಿ, ಆರು ಇಪ್ಪತ್ತಾರಕ್ಕೆ ಸೂರ್ಯ ಬರ್ತಾನೆ."

ಆರು ಇಪ್ಪತ್ತಾರಾಯಿತು, ಸೂರ್ಯನ ಸುಳಿವಿಲ್ಲ. ಅವನು ಮುಖ ತೋರಿಸುವಷ್ಟರಲ್ಲಿ ಅಜ್ಜಿ ಶಾಲು ಹೊದ್ದು ನಡುಗುತ್ತಿದ್ದರು.

"ನಿನ್ನ ಕಂಪೂಟರ್‌ನಾಗೆ ಉಟ್ಟಿದ್ ಸೂರ್ಯ ಇಲ್ಲೀಗಂಟ ಬರಕ್ಕೆ ಇಪ್ಪತ್ ನಿಮಿಷ ಬಸ್ಸಿಗ್ ಕಾಯ್ತಿದ್ನಾ?"

ಶಿಲ್ಪಳಿಗೆ ಅವಮಾನವಾಯಿತು. ಕೆಳಗೆ ಬಂದು ಮುಖ ಊದಿಸಿಕೊಂಡು ಕೂತವಳು ತಟ್ಟನೆ ಎದ್ದಳು. ನಮ್ಮ ಗಡಿಯಾರಗಳು ತೋರಿಸುವುದು ಇಡೀ ದೇಶಕ್ಕೆ ಇಟ್ಟುಕೊಂಡ ಅಲಹಾಬಾದಿನ ಕಡೆಯ ಸಮಯ. ಅಲ್ಲಿಂದ ಯಲಹಂಕಕ್ಕೆ ಬರಲು ಸೂರ್ಯನಿಗೆ ನಿಜಕ್ಕೂ ಇಪ್ಪತ್ತು ನಿಮಿಷ ಬೇಕು! ಅಜ್ಜಿಯ ಕುಹಕವನ್ನೇ ಪ್ರೋಗ್ರಾಮಿಗೆ ಒಂದು ಸಾಲಾಗಿ ಸೇರಿಸಿದಳು. ಆಮೇಲೆ ದಿನವೂ ಕತ್ತಲಿರುವಾಗಲೇ ಎದ್ದು ತಾರಸಿ ಹತ್ತಿ ತಾಳೆ ನೋಡಿದಳು. ನಿಮಿಷಕ್ಕೆ ನಿಮಿಷ ಸರಿಹೋಗುವವರೆಗೆ ಅವಳಿಗೆ ಸಮಾಧಾನವಿರಲಿಲ್ಲ. ಹಾಜರಿಗಾಗಿ ಶುರುವಾದ ಕೆಲಸ ಯಾವಾಗ ಅವಳಿಗೇ ಬೇಕಾದ ಕೆಲಸವಾಯಿತೋ, ಅದು ಅವಳಿಗೂ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಶನಿವಾರ ಅಜ್ಜಿ ಸೋಲೊಪ್ಪಿದರು. ಈ ಸೋಮವಾರದ ರಾಹುಕಾಲ ಎಂಟು ಹನ್ನೆರಡಕ್ಕೆ ಶುರುವಾಗಿ ಒಂಬತ್ತು ಮೂವತ್ತೆಂಟಕ್ಕೆ ಮುಗಿಯುತ್ತದೆ. ಎಂಟಕ್ಕೆ ಹೊರಟರೆ ಅಡ್ಡಿಯಿಲ್ಲ. ಶಿಲ್ಪ ಕುಣಿದಾಡಿದಳು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅಜ್ಜಿ ಯೋಚನೆ ಮಾಡತೊಡಗಿದ್ದರು.

"ಅಂಗಾರೆ ಇಷ್ಟ್ ವರ್ಸ ಒಂಬತ್ತಾಗ್ಲಿ ಅಂತ ಕಾದು ಒರಟಿದ್ದೆಲ್ಲ ರಾಹು ಬಾಯಿಗೇಯಾ? ನಿಮ್ಮಮ್ಮನ್ನ ಎಣ್ಣು ನೋಡಕ್ಕೆ ಉಣಸಮಾರನಳ್ಳಿಗೆ ಓಗಿದ್ದೂ ಸಂಕ್ರಾಂತಿ ಕಳ್ದ್ ಸೋಮವಾರಾನೇ. ಒಂಬತ್ ಒಡೆದ್ಮೇಲೇ ಒರಟಿದ್ದು."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಕಲಾವತಿ ಸೌಟು ಹಿಡಿದು ನಿಂತಿದ್ದಳು.

"ಅದಕ್ಕೇ!" ಎಂದರು ಅಜ್ಜಿ.

"ಅದಕ್ಕೇ ಅಂದ್ರೆ ಏನತ್ತೆ?"

ಶಿವರಾಮ ಪೇಪರನ್ನು ಮುಖದವರೆಗೆ ಎತ್ತಿಕೊಂಡ. ಆ ದಿನವೆಲ್ಲ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಭಾನುವಾರ ಮಧ್ಯಾಹ್ನ ಅಜ್ಜಿಯೇ ರಾಜಿಗೆ ಬಂದರು.

"ಕಂಪೂಟರ್ ಲೆಕ್ಕ ತಪ್ಪಿರ್ಬೇಕು ಬಿಡು. ಗೋಡೆ ಮ್ಯಾಲಿರೋದೇ ಸರಿ. ನಾವು ಒಳ್ಳೆ ಗಳಿಗೇಲೇ ಓಗಿದ್ದು."

ಶಿಲ್ಪ ಅಮ್ಮನ ಕಡೆ ನೋಡಿದಳು. ಹೂಂ ಎಂದರೆ ಅಮ್ಮನ ಮರ್ಯಾದೆ ಉಳಿಯುತ್ತದೆ, ಹಾಜರಿ ಹೋಗುತ್ತದೆ, ತಾರಸಿಯ ಮೇಲಿನ ಅಷ್ಟೂ ಬೆಳಗು ಸುಳ್ಳಾಗುತ್ತದೆ. "ತಪ್ಪಿಲ್ಲ ಅಜ್ಜಿ" ಎಂದಳು ಮೆಲ್ಲಗೆ. "ಅಮ್ಮಾ, ಬೇಜಾರ್ ಮಾಡ್ಕೋಬೇಡ. ಲೆಕ್ಕ ಸರಿಯಾಗೇ ಇದೆ."

"ನಂಗ್ಯಾಕೆ ಬೇಜಾರು? ಮಗಳು ಹಾಕಿದ್ ಲೆಕ್ಕ, ಸರೀನೇ ಇರುತ್ತೆ" ಎಂದಳು ಕಲಾವತಿ. ಅತ್ತೆಯ ತಟ್ಟೆಗೆ ಮುದ್ದೆ ಇಟ್ಟು ಮೇಲೆ ಹಿತಕಿದ ಅವರೆಬೇಳೆ ಸಾರು ಬಡಿಸಿದಳು. "ರಾಹುಕಾಲದಲ್ಲೇ ನನ್ನ ನೋಡಕ್ ಬಂದ್ರಿ ಅಂತ್ಲೇ ಇಟ್ಕೊಳ್ಳಿ. ಇಪ್ಪತ್ತೆರಡು ವರ್ಷ ಆಯ್ತು. ಏನ್ ಕೆಟ್ಟೋಯ್ತು, ಹೇಳಿ ಅತ್ತೆ?"

ಅಜ್ಜಿ ಬಾಯಿ ತೆರೆದರು. ಬಾಯಿ ತುಂಬ ಸಾರಿನ ರುಚಿಯಿತ್ತು. ಇನ್ನೊಂದು ಸೌಟು ಹಾಕಿಸಿಕೊಂಡರು.

ಸೋಮವಾರ ಶಿಲ್ಪ ಏಳಕ್ಕೇ ತಯಾರಾಗಿದ್ದಳು. ಆದರೆ ಮೇಡಂಗೆ ತೋರಿಸಲೆಂದು ಪ್ರೋಗ್ರಾಮನ್ನು ಕೊನೆಯ ಸಲ ನೋಡುತ್ತ ಕೂತು ಮೈಮರೆತಳು. ಚಪ್ಪಲಿ ಮೆಟ್ಟಿ ಗಡಿಯಾರ ನೋಡಿದರೆ ಎಂಟು ಹದಿನೈದು. ಅವಳ ಕಾಲು ಹೊಸಿಲಲ್ಲೇ ನಿಂತಿತು. ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರದ ರಾಹು, ತಾನೇ ಕಂಡುಹಿಡಿದ ರಾಹು. ಅವಳಿಗೆ ನಿಜವಾಗಿಯೂ ಭಯವಾಯಿತು.

"ಯಾಕೇ ನಿಂತ್ಕಂಡೆ?" ಹಿಂದಿನಿಂದ ಅಜ್ಜಿ.

"ಮೂರು ನಿಮಿಷ ಆಯ್ತಜ್ಜಿ, ರಾಹುಕಾಲ ಶುರುವಾಗಿ."

ಅಜ್ಜಿ ಅಡುಗೆಮನೆಯತ್ತ ಒಮ್ಮೆ ನೋಡಿದರು. ಆಮೇಲೆ ಒಳಗಿನವರಿಗೂ ಕೇಳುವಂತೆ ದನಿ ಎತ್ತರಿಸಿದರು.

"ಆ ರಾಹುಕಾಲ್ದಾಗೇ ಕಣೇ ನಿಮ್ಮಮ್ಮನಂಥ ಸೊಸೆ ಸಿಕ್ಕಿದ್ದು ನಂಗೆ! ನಿಂಗೊಂದ್ ಆಜ್ರಿ ಸಿಗಲ್ವಾ? ಓಗು!"

ಒಳಗೆ ಸೌಟಿನ ಸದ್ದು ನಿಂತಿತು. ಶಿಲ್ಪ ಹೊಸಿಲು ದಾಟಿ ಬಸ್ ಸ್ಟಾಪಿನ ಕಡೆಗೆ ಓಡಿದಳು.