ಪೂಜೆಗೆ ತೊಳೆದ ಅಂಗಳ

ಅಂಗಳ ತೊಳೆದ ಗಂಡನನ್ನು ಹೊಗಳಿದ ತನ್ನ ಬಾಯಿಗೆ ಅಟ್ರಾಕ್ಟಾ ಆಮೇಲೆ ಎಷ್ಟು ಸಲ ಶಾಪ ಹಾಕಿಕೊಂಡಳೋ ಲೆಕ್ಕವಿಲ್ಲ. ಆದರೆ ಆ ಬುಧವಾರ ಸಂಜೆ ಹೊಗಳದೆ ಇನ್ನೇನು ಮಾಡಿಯಾಳು? ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬಂದು ಗೇಟು ತೆಗೆದರೆ, ಕೊಟ್ಟಿಗೆಯ ಮುಂದಿನ ಕಾಂಕ್ರೀಟು ನೆಲ ಊಟದ ತಟ್ಟೆಯ ಹಾಗೆ ತೊಳೆದಿಟ್ಟಿದೆ. ವಾರಗಟ್ಟಲೆ ತುಂಬಿ, ಉಕ್ಕಿ, ಬಾಗಿಲಿನವರೆಗೂ ಹರಿಯುತ್ತಿದ್ದ ಸಗಣಿರಾಡಿ ಮಂಗಮಾಯ. ಕೊಟ್ಟಿಗೆಯ ಅಡಿಯ ತೊಟ್ಟಿಯಲ್ಲಿ ರಾಡಿ ಅರ್ಧಕ್ಕೆ ಇಳಿದಿದೆ.

"ಅಬ್ಬಾ ಫಿಂಟನ್! ನೀನೂ ಮನುಷ್ಯನೇ ಅಂತ ಇವತ್ತು ಗೊತ್ತಾಯ್ತು ನೋಡು. ಅಷ್ಟೂ ರಾಡಿ ಯಾರು ತಗೊಂಡು ಹೋದ್ರು?"

"ಅದೆಲ್ಲ ನಿನಗ್ಯಾಕೆ? ನಾಳೆ ಮನೆಪೂಜೆ. ಅಂಗಳ ಕ್ಲೀನಾಗಿರ್ಬೇಕು ಅಂತ ತಿಂಗಳಿಂದ ಜೀವ ತಿಂದೆ. ಆಯ್ತಲ್ಲ?"

ಆಯಿತು. ಅವಳು ಮತ್ತೇನೂ ಕೇಳಲಿಲ್ಲ. ಒಳಗೆ ಹೋಗಿ, ಆಪಲ್ ಟಾರ್ಟಿಗೆ ಹಿಟ್ಟು ಕಲಸಿದಳು.

ಕ್ಲೂನ್‌ಬಾರಾದಲ್ಲಿ ಮನೆಪೂಜೆ ಎಂದರೆ ಸುಮ್ಮನೆ ಅಲ್ಲ. ಪಾದ್ರಿ ಊರಿನ ಒಂದೊಂದೇ ಮನೆಗೆ ಸರದಿಯ ಮೇಲೆ ಬಂದು ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಮಾಡುತ್ತಾರೆ. ಅಡುಗೆಮನೆಯ ಮೇಜೇ ಪೀಠವಾಗುತ್ತದೆ, ನೆರೆಹೊರೆಯವರೆಲ್ಲ ಅದರ ಸುತ್ತ ಮಂಡಿಯೂರುತ್ತಾರೆ. ಒಮ್ಮೆ ಬಂದ ಸರದಿ ಮತ್ತೆ ಬರುವಷ್ಟರಲ್ಲಿ ತೊಟ್ಟಿಲ ಮಗುವಿಗೆ ಮೀಸೆ ಬಂದಿರುತ್ತದೆ. ಬರುವವರಲ್ಲಿ ಅರ್ಧ ಜನ ದೇವರಿಗಾಗಿ ಬಂದರೆ ಇನ್ನರ್ಧ ಜನ ಬರುವುದು ಪರದೆ, ಪಾತ್ರೆ, ಅಂಗಳ ನೋಡಿ ಆಡಿಕೊಳ್ಳುವುದಕ್ಕೆ. ಹಾಗಾಗಿ ಸುಣ್ಣ ಬಣ್ಣ ಬಳಿದು, ಬೇಲಿ ಕತ್ತರಿಸಿ, ಇದ್ದ ಕೊಳೆಯನ್ನೆಲ್ಲ ಕಣ್ಣಿಗೆ ಬೀಳದಂತೆ ಮಾಡುವುದು ವಾಡಿಕೆ. ಕೊಳೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ.

ಫಿಂಟನ್‌ನ ಕೊಳೆಗೆ ಹೋಗಲು ಜಾಗವೇ ಇರಲಿಲ್ಲ. ಅಕ್ಟೋಬರ್ ಹುಟ್ಟಿದ ಮೇಲೆ ಹೊಲಕ್ಕೆ ಸಗಣಿರಾಡಿ ಸುರಿಯುವಂತಿಲ್ಲ, ಚಳಿಗಾಲ ಕಳೆಯುವವರೆಗೆ ತೊಟ್ಟಿಯಲ್ಲೇ ತುಂಬಿಟ್ಟುಕೊಳ್ಳಬೇಕು ಎಂಬುದು ಕಾನೂನು. ಚಳಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಗೊಬ್ಬರವನ್ನು ಉಣ್ಣುವುದೂ ಇಲ್ಲ, ಮಳೆ ಬಂದರೆ ಎಲ್ಲ ಕೊಚ್ಚಿಕೊಂಡು ನೀರಿಗೆ ಸೇರುತ್ತದೆ. ಹಸು ಎಷ್ಟಿವೆಯೋ ಅಷ್ಟಕ್ಕೆ ಸಾಲುವ ತೊಟ್ಟಿ ಇರಬೇಕು. ಈ ಮಹಾರಾಯ ಹಸುಗಳನ್ನು ಒಂದೂವರೆಪಟ್ಟು ಮಾಡಿದ, ತೊಟ್ಟಿ ಮಾತ್ರ ಅಪ್ಪನ ಕಾಲದ್ದು. ಕೃಷಿ ಇಲಾಖೆಯವರು ಚರ್ಚಿನ ಹಾಲ್‌ನಲ್ಲಿ ಸಭೆ ಕರೆದಾಗ ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆದು, ಕೊನೆಗೆ ಎದ್ದು ಕೇಳಿದ: "ಅಕ್ಟೋಬರ್ ಬಂತು ಅಂತ ಹಸು ಸಗಣಿ ಹಾಕೋದು ನಿಲ್ಲಿಸುತ್ತಾ ಸ್ವಾಮಿ? ಹಾಗಾದ್ರೆ ಅದಕ್ಕೂ ಒಂದು ನೋಟೀಸ್ ಕೊಡಿ." ಹಾಲ್ ಪೂರ್ತಿ ನಕ್ಕಿತು. ಅಟ್ರಾಕ್ಟಾ ಕೂಡ ನಕ್ಕಳು.

ಆದರೆ ಅವಳು ಅಲ್ಲಿ ಹೇಳಿದ್ದನ್ನೂ ಕೇಳಿಸಿಕೊಂಡಿದ್ದಳು. ಬಾವಿ, ಬುಗ್ಗೆ, ನೀರನ್ನು ನೆಲದೊಳಕ್ಕೆ ಎಳೆದುಕೊಳ್ಳುವ ನುಂಗುಗುಂಡಿಗಳ ಹತ್ತಿರ ರಾಡಿ ಸುಳಿಯಬಾರದು. ಅದರಿಂದ ನೀರಿಗಿಳಿಯುವ ನೈಟ್ರೇಟ್ ಎಂಬುದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಎಳೆಗೂಸಿನ ರಕ್ತಕ್ಕೆ ಅದು ಸೇರಿದರೆ ಉಸಿರಾಡಿದ್ದು ಮೈಗೆ ಹತ್ತದೆ ತುಟಿ ನೀಲಿಗಟ್ಟುತ್ತದೆ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಏಲಿಶ್, ಗುಡ್ಡದ ಕೆಳಗಿನ ಮನೆಯ ಹುಡುಗಿ. ಒಂದು ಕೈಯಲ್ಲಿ ಎದೆಗವಚಿಕೊಂಡ ಎರಡು ತಿಂಗಳ ಮಗು ರೋಶೀನ್, ಇನ್ನೊಂದು ಕೈಯಲ್ಲಿ ನೀರಿನ ಕ್ಯಾನು. ಯಾರ ಮನೆಯಲ್ಲಿ ಪೂಜೆಯಾದರೂ ಪಾದ್ರಿ ಮಂತ್ರಿಸಲು ಏಲಿಶ್‌ಳ ಮನೆಯ ಬುಗ್ಗೆಯ ನೀರೇ ಆಗಬೇಕು. ಆ ತೀರ್ಥವನ್ನು ಎಲ್ಲರೂ ಸೀಸೆಗಳಲ್ಲಿ ಒಯ್ಯುತ್ತಾರೆ. ಗುಡ್ಡದ ಮೇಲಿನವರಿಗೆ ಕೌನ್ಸಿಲ್‌ನ ನಲ್ಲಿ ಬಂದು ವರ್ಷಗಳಾದವು. ಏಲಿಶ್‌ಗೆ ಕುಡಿಯಲಿಕ್ಕೆ, ಅಡುಗೆಗೆ, ಎಲ್ಲಕ್ಕೂ ಇವತ್ತಿಗೂ ಆ ಬುಗ್ಗೆಯೇ ಗತಿ.

"ಅಟ್ರಾಕ್ಟಾ, ಇದನ್ನ ಎಲ್ಲಿಡ್ಲಿ? ನಿನ್ನೆಯಿಂದ ನೀರು ಒಂಥರಾ ಇದೆ. ಎಲೆ ಕೊಳೆತಿರ್ಬೇಕು. ಬಟ್ಟೇಲಿ ಸೋಸಿ ತಂದಿದ್ದೀನಿ."

ಅಟ್ರಾಕ್ಟಾ ಮುಚ್ಚಳ ತೆಗೆದಳು. ಮೂಗಿಗೆ ಬಡಿದದ್ದು ಕೊಳೆತ ಎಲೆಯಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಮನೆಯ ವಾಸನೆ ಅವಳಿಗೆ ತಿಳಿಯದೆ? ಗಂಡನ ಅಂಗಿಯಲ್ಲಿ, ಬೂಟಿನಲ್ಲಿ, ತಲೆದಿಂಬಿನಲ್ಲಿ ಇರುವ ಅದೇ ವಾಸನೆ.

"ಪಾಪುಗೆ... ಪಾಪುಗೂ ಇದನ್ನೇ ಕೊಡ್ತಿದ್ದೀಯಾ?"

"ಕುದಿಸಿ, ಹಾಲಿನಪುಡಿ ಕಲಸಿ ಕೊಡ್ತಿದ್ದೀನಿ, ಹೆದರ್ಬೇಡಿ. ಕಳ ಕಳ ಅಂತ ಚೆನ್ನಾಗಿ ಕುದಿಸ್ತೀನಿ," ಎಂದು ಏಲಿಶ್ ಚೀಲದಿಂದ ಫ್ಲಾಸ್ಕು ತೆಗೆದು ತೋರಿಸಿದಳು.

"ಒಂದ್ನಿಮಿಷ ಇರು," ಎಂದು ಅಟ್ರಾಕ್ಟಾ ಮಲಗುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಫಿಂಟನ್ ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದ.

"ನುಂಗುಗುಂಡಿಗೆ ಬಿಟ್ಟೆಯಾ?"

ಅವನ ಕೈ ನಿಂತಿತು. ಅಷ್ಟು ಸಾಕಾಗಿತ್ತು. ಅವರ ಹೊಲದ ಮೂಲೆಯಲ್ಲಿ, ಮುಳ್ಳುಪೊದೆಯ ನಡುವೆ ಬಾಯಿ ತೆರೆದುಕೊಂಡ ಗುಂಡಿ ಅದು. ಕೆಳಗೆಲ್ಲ ಸುಣ್ಣಕಲ್ಲು, ಒಳಗೊಳಗೇ ಟೊಳ್ಳು. ಎಷ್ಟು ಸುರಿದರೂ ನುಂಗುತ್ತದೆ, ತೇಗುವುದೂ ಇಲ್ಲ.

"ಇನ್ನೇನ್ ಮಾಡ್ಲಿ? ಊರೆಲ್ಲ ಬಂದು ಉಕ್ಕಿದ ರಾಡಿ ತುಳ್ಕೊಂಡು ಒಳಗೆ ಬರ್ಲಾ? ಕ್ಲೀನ್ ಮಾಡು, ಕ್ಲೀನ್ ಮಾಡು ಅಂತ ಕುಣಿದೋಳು ನೀನೇ. ನೆಲದೊಳಗೆ ಹೋದದ್ದು ಹೋಯ್ತು."

"ಹೋಗಿಲ್ಲ ಕಣೋ! ಏಲಿಶ್ ಕ್ಯಾನಲ್ಲಿ ಬಂದು ಅಡುಗೆಮನೇಲಿ ಕೂತಿದೆ! ಆ ಕೂಸಿಗೆ ಅದನ್ನೇ ಕುದಿಸಿ ಕುಡಿಸ್ತಿದ್ದಾಳೆ!"

ಹೊರಗೆ ಕಾರುಗಳ ಬಾಗಿಲು ಬಡಿದ ಸದ್ದು ಕೇಳಿಸಿತು. ಫಿಂಟನ್ ಅವಳ ತೋಳು ಹಿಡಿದ.

"ನಿನ್ನ ದಮ್ಮಯ್ಯ, ಒಂದೇ ಒಂದು ಗಂಟೆ ಸುಮ್ನಿರು. ಪೂಜೆ ಮುಗೀಲಿ, ಚಹಾ ಕುಡಿದು ಎಲ್ಲ ಹೋಗ್ಲಿ. ಆಮೇಲೆ ನಾನೇ ಅವಳಿಗೆ ಮೆಲ್ಲಗೆ, ಬುಗ್ಗೆ ಕೆಟ್ಟಿರೋ ಹಾಗಿದೆ, ನಮ್ಮ ನಲ್ಲೀಲಿ ಹಿಡ್ಕೊಂಡು ಹೋಗು ಅಂತೀನಿ. ಮಾನ ಕಳೀಬೇಡ."

ಮಾನವಂತೆ ಮಾನ! ಆದರೂ ಅವಳು ತಲೆಯಾಡಿಸಿದಳು. ಒಂದು ಗಂಟೆಯಲ್ಲಿ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡು, ಹೊರಗೆ ಬಂದು, ಕ್ಯಾನನ್ನು ಬಾಗಿಲ ಹಿಂದೆ ಪೊರಕೆಯ ಪಕ್ಕಕ್ಕೆ ತಳ್ಳಿ, ನಲ್ಲಿಯ ನೀರು ತುಂಬಿದ ಹೂಜಿಯನ್ನು ಮೇಜಿನ ಮೇಲಿಟ್ಟಳು.

ಫಾದರ್ ಕೊನ್ಲನ್ ಪೂಜೆ ಮಾಡಿದರು. ಫಿಂಟನ್ ಎದ್ದು ನಿಂತು, ನಮ್ಮ ನೆರೆಹೊರೆಯ ಮಕ್ಕಳ ಆರೋಗ್ಯಕ್ಕಾಗಿ ಪ್ರಾರ್ಥಿಸೋಣ ಎಂದು ಕಾಗದ ನೋಡಿಕೊಂಡು ಓದಿದ. ದನಿ ಒಂಚೂರೂ ನಡುಗಲಿಲ್ಲ. ಅಟ್ರಾಕ್ಟಾ ಮಂಡಿಯೂರಿದಲ್ಲೇ ಅವನ ಪಾಲಿಶ್ ಮಾಡಿದ ಬೂಟುಗಳನ್ನೇ ನೋಡುತ್ತಿದ್ದಳು. ಛೀ, ಎಂದುಕೊಂಡಳು.

ಪಾದ್ರಿ ನೀರು ಮಂತ್ರಿಸಲು ಹೂಜಿಗೆ ಕೈ ಹಾಕಿದಾಗ ಮುದುಕ ಮ್ಯಾಟಿ ಡೋರನ್ ತಡೆದ. ಊರಿನ ಒಂಟಿ ಬ್ರಹ್ಮಚಾರಿ, ಊರವರ ಮನೆಯ ವಿಷಯವೆಲ್ಲ ಅವನಿಗೇ ಬೇಕು.

"ಇದು ನಲ್ಲಿ ನೀರು, ಫಾದರ್. ಬುಗ್ಗೆ ನೀರಿನ ಕ್ಯಾನು ಪೊರಕೆ ಪಕ್ಕ ಕೂತಿದೆ. ಏನಮ್ಮ ಅಟ್ರಾಕ್ಟಾ, ತೀರ್ಥಕ್ಕೆ ಇದೇನಾ ಮರ್ಯಾದೆ?" ಎಂದು ಅವನೇ ಎತ್ತಿ ತಂದು ಮುಚ್ಚಳ ತೆಗೆದ. ತೆಗೆದವನು ಮುಖ ಹಿಂದಕ್ಕೆಳೆದುಕೊಂಡ. "ಥೂ! ಇದೇನಪ್ಪಾ ಇದು? ಫಿಂಟನ್, ನಿಮ್ಮ ನುಂಗುಗುಂಡಿಗೆ ಬಿದ್ದ ಬಾತುಕೋಳಿ ಮಾರನೇ ದಿನ ಈ ಬುಗ್ಗೇಲಿ ಎದ್ದಿತ್ತು ಅಂತ ನಮ್ಮಜ್ಜ ಹೇಳ್ತಿದ್ದ. ಈಗ ಏನು ಎದ್ದಿದೆಯೋ?"

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಫಿಂಟನ್ ಮೇಲೆ ಬಿತ್ತು. ಈಗ ಹೇಳುತ್ತಾನೆ ಎಂದುಕೊಂಡಳು ಅಟ್ರಾಕ್ಟಾ. ಹೇಳಲಿ, ಇನ್ನಾದರೂ ಹೇಳಲಿ.

ಫಿಂಟನ್ ಒಂದು ಲೋಟ ತೆಗೆದುಕೊಂಡ. ಕ್ಯಾನಿನಿಂದ ತುಂಬಿಸಿದ. ಎತ್ತಿ, ಗಟಗಟನೆ ಕೊನೆಯ ಹನಿಯವರೆಗೂ ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು ನಕ್ಕ.

"ಆಹಾ! ಸಕ್ಕರೆ ಕಣಯ್ಯಾ, ಸಕ್ಕರೆ! ನಿನ್ನ ಮೂಗನ್ನ ಡಾಕ್ಟರಿಗೆ ತೋರಿಸ್ಕೋ ಹೋಗು, ಮ್ಯಾಟಿ."

ಅಡುಗೆಮನೆಯ ಉಸಿರು ಸಡಿಲವಾಯಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಗಂಡಸು ಎಲ್ಲರೆದುರು ಕುಡಿದು ತೋರಿಸಿದ ಮೇಲೆ ಇನ್ನೇನು ಮಾತು? ಅಟ್ರಾಕ್ಟಾ ಖಾಲಿ ಲೋಟವನ್ನೇ ನೋಡಿದಳು. ತನ್ನ ಹಸುವಿನ ಹೇಲುಚ್ಚೆಯನ್ನು ಕುಡಿದಾನೇ ಹೊರತು ಒಂದು ನಿಜ ಹೇಳಲಾರ, ಈ ಗಂಡಸು!

"ಅಬ್ಬ, ಸದ್ಯ," ಎಂದಳು ಏಲಿಶ್. "ಪಾಪುಗೆ ಏನಾಗುತ್ತೋ ಅಂತ ಒಳಗೊಳಗೇ ಹೆದರಿದ್ದೆ." ಅಳತೊಡಗಿದ್ದ ರೋಶೀನ್‌ಳನ್ನು ಮಡಿಲಿಗೆಳೆದುಕೊಂಡು, ಚೀಲದಿಂದ ಹಾಲಿನ ಬಾಟಲಿ ತೆಗೆದು ಅದರ ಬಾಯಿಗಿಡಲು ಹೋದಳು.

ಅಟ್ರಾಕ್ಟಾ ಎದ್ದು, ಇಬ್ಬರನ್ನು ದಾಟಿ, ಆ ಬಾಟಲಿಯನ್ನು ಕಿತ್ತುಕೊಂಡಳು.

"ಕೊಡ್ಬೇಡ! ಅದು ನಮ್ಮ ತೊಟ್ಟಿ ರಾಡಿ. ನಾನಿಲ್ಲದಾಗ ಇವನು ನುಂಗುಗುಂಡಿಗೆ ಬಿಟ್ಟಿದ್ದು. ಕುದಿಸಿದ್ರೆ ಹೋಗಲ್ಲ ಏಲಿಶ್, ಕುದಿಸಿದ್ರೆ ಜಾಸ್ತಿ ಆಗುತ್ತೆ. ಯಾರೂ ಆ ನೀರು ಮುಟ್ಬೇಡಿ."

"ತಲೆ ಕೆಟ್ಟಿದೆ ಇವಳಿಗೆ," ಎಂದ ಫಿಂಟನ್. "ನಾನೀಗ ಕುಡಿದಿದ್ದು ಎಲ್ಲರೂ ನೋಡಿದ್ರಲ್ಲ?"

ಮ್ಯಾಟಿ ಬಾಗಿಲು ತೆಗೆದು ಅಂಗಳಕ್ಕೆ ಹೋದ, ತೊಟ್ಟಿಯೊಳಗೆ ಇಣುಕಿ ಬಂದ. "ಅರ್ಧ ಖಾಲಿ," ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡ.

ಏಲಿಶ್ ಫಿಂಟನ್‌ನ ಕಡೆ ತಿರುಗಲೂ ಇಲ್ಲ. ಅವಳು ನೋಡುತ್ತಿದ್ದುದು ಅಟ್ರಾಕ್ಟಾಳ ಕೈಯಲ್ಲಿದ್ದ ಬಾಟಲಿಯನ್ನು. ಅದು ಅರ್ಧ ಮಾತ್ರ ಇತ್ತು.

"ನಿಮಗೆ ಯಾವಾಗ ಗೊತ್ತಾಯ್ತು?"

"ಬೆಳಗ್ಗೆ. ನೀನು ಬಂದಾಗ."

"ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರಲ್ಲ, ಆವಾಗ ಕುಡಿಸ್ದೆ ಆ ಅರ್ಧಾನ," ಎಂದಳು ಏಲಿಶ್. "ಇಲ್ಲೇ. ನಿಮ್ಮ ಕುರ್ಚೀಲಿ ಕೂತ್ಕೊಂಡು."

ಏಲಿಶ್ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟಳು. ಪಾದ್ರಿಯೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಪಟ್ಟಣದ ಡಾಕ್ಟರ ಬಳಿ ಕರೆದೊಯ್ದರು. ಮುಂದಿನ ಪೂಜೆ ಯಾರ ಮನೆಯಲ್ಲಿ ಎಂದು ಕೇಳುವ ಪದ್ಧತಿಯೂ ಅವತ್ತು ನಡೆಯಲಿಲ್ಲ. ಚಹಾ ಯಾರೂ ಮುಟ್ಟಲಿಲ್ಲ. ಆಪಲ್ ಟಾರ್ಟುಗಳು ಸಾಲಾಗಿ ಹಾಗೇ ಕೂತಿದ್ದವು, ಒಂದಕ್ಕೂ ಚಾಕು ತಗುಲಿರಲಿಲ್ಲ.

ಮಗುವಿಗೆ ಏನೂ ಆಗಲಿಲ್ಲ. ತುಟಿ ಕೆಂಪಗೇ ಇದೆ, ಆ ನೀರು ಇನ್ನು ಕೊಡಬೇಡಿ ಎಂದರಂತೆ ಡಾಕ್ಟರು. ದೇವರು ದೊಡ್ಡವನು, ಈ ಗಂಡಹೆಂಡತಿಯ ಯೋಗ್ಯತೆಯಿಂದ ಆದದ್ದಲ್ಲ. ಅಟ್ರಾಕ್ಟಾ ತಾನೇ ಕೌನ್ಸಿಲ್‌ಗೆ ಫೋನು ಮಾಡಿ ಹೇಳಿದಳು. ಅಧಿಕಾರಿಗಳು ಬಂದು ಬುಗ್ಗೆಯ ನೀರು ಹಿಡಿದುಕೊಂಡು ಹೋದರು, ಫಿಂಟನ್‌ಗೆ ಕೋರ್ಟಿನ ಸಮನ್ಸು ಬಂತು. ಕಟ್ಟಿಕೊಂಡ ಗಂಡನನ್ನೇ ಹಿಡಿದುಕೊಟ್ಟವಳು ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಅವಳು ದಿನಾ ಬೆಳಗ್ಗೆ ನಲ್ಲಿಯ ನೀರು ತುಂಬಿದ ಕ್ಯಾನನ್ನು ಏಲಿಶ್‌ಳ ಗೇಟಿನ ಬಳಿ ಇಟ್ಟು ಬಂದಳು. ಸಂಜೆ ಹೋಗಿ ನೋಡಿದರೆ ಕ್ಯಾನು ಇಟ್ಟಲ್ಲೇ ಇರುತ್ತಿತ್ತು, ತುಂಬಿದ್ದು ತುಂಬಿದ ಹಾಗೆಯೇ.

ಭಾನುವಾರ ಮಧ್ಯಾಹ್ನ ಇಬ್ಬರೂ ಅದೇ ಮೇಜಿಗೆ ಊಟಕ್ಕೆ ಕೂತರು. ಆಲೂಗಡ್ಡೆ, ಕೋಸು, ಬೇಕನ್. ಫಿಂಟನ್ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದು, ಎತ್ತಿ ಗಟಗಟನೆ ಕುಡಿದ. ಅವನ ಗಂಟಲ ಗಂಟು ಮೇಲೆ ಕೆಳಗೆ ಆಡುವುದನ್ನು ಅಟ್ರಾಕ್ಟಾ ನೋಡುತ್ತಿದ್ದಳು. ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡ.

"ಆಹಾ," ಎಂದ.

ಬಾಯಲ್ಲಿದ್ದ ತುತ್ತನ್ನು ಅವಳು ಅಂಗೈಗೆ ಉಗುಳಿದಳು. ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ, ಅವನು ತಿಕ್ಕಿ ತೊಳೆದ ಅಂಗಳಕ್ಕೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಳು. ಅಂದಿನಿಂದ ಅವನೆದುರು ಕೂತು ಅವಳು ಉಂಡಿಲ್ಲ.