ಜೋಡಿ ಸೈಡ್ ಸ್ಟೆಪ್

ಒಂದು ಗೇಟಿಗೂ ಒಂದು ಪಿಕಪ್ ಗಾಡಿಗೂ ನಡುವಿನ ನಾಲ್ಕು ಬೆರಳಿನ ವ್ಯತ್ಯಾಸವು ಮನುಷ್ಯನ ಸದ್ಗತಿಯನ್ನೇ ತಡೆದು ನಿಲ್ಲಿಸಬಲ್ಲುದು ಎಂಬ ಗಂಭೀರ ಸತ್ಯ ಬ್ಯಾಟರಾಯನಪುರದ ಆ ಓಣಿಗೆ ಮನವರಿಕೆಯಾದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಾಡಿಯ ಮೂತಿ ಗೇಟಿನಾಚೆ ಹೋಗಿತ್ತು. ಹಿಂದೆ ಚೆಂಡುಹೂವಿನ ನಡುವೆ ಗಾಡಿಯ ಯಜಮಾನ ಬ್ಯಾಟರಾಯಪ್ಪ ಮಲಗಿದ್ದ. ಬಾಗಿಲುಗಳ ಕೆಳಗಿನ ಸೈಡ್ ಸ್ಟೆಪ್ಪುಗಳು ಎರಡೂ ಕಡೆ ಕಲ್ಲುಕಂಬಕ್ಕೆ ಕಚ್ಚಿಕೊಂಡಿದ್ದವು.

“ಇನ್ನೊಂಚೂರು ಎಕ್ಸಲೇಟರ್ ಕೊಡಿ ಸಾಬ್ರೇ,” ಎಂದ ಸತ್ತವನ ತಮ್ಮ ಸುಬ್ರಮಣಿ.

“ಕೊಟ್ರೆ ಕಂಬ ಬೀಳುತ್ತೆ, ಇಲ್ಲಾ ಅಣ್ಣ ಬೀಳ್ತಾರೆ. ಯಾವ್ದು ಬೇಕು ಹೇಳಿ,” ಎಂದ ಸ್ಟೇರಿಂಗ್ ಹಿಡಿದಿದ್ದ ಮೆಕ್ಯಾನಿಕ್ ರಹಮತುಲ್ಲಾ.

“ಒಂದು ವ್ಯಾನ್ ತರ್ಸಿದ್ರೆ ಆಗ್ತಿರ್ಲಿಲ್ವಾ?” ಯಾರೋ ಗೊಣಗಿದರು.

“ಯಾರ್ಡ್ ಡ್ರೈವರ್‌ನ ಬಾಡಿಗೆ ಗಾಡೀಲಿ ಕಳ್ಸೋದಾ? ಸ್ವಂತ ಗಾಡಿ ಇರೋನು ಸ್ವಂತ ಗಾಡೀಲೇ ಓಗ್ಬೇಕು,” ಎಂದ ಸುಬ್ರಮಣಿ.

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಈರುಳ್ಳಿ ಲೋಡು ಸಾಗಿಸಿದವನಿಗೆ ಅಷ್ಟು ಮರ್ಯಾದೆ ಸಲ್ಲಬೇಕಾದದ್ದೇ.

ಸತ್ತವನ ಹೆಂಡತಿ ಮುನಿನಾರಾಯಣಮ್ಮ ಜಗಲಿಯ ಮೇಲೆ ಕೂತಿದ್ದಳು. ಆ ಮನೆಯ ಹೆಂಗಸರಿಗೆ ಸಾವು ಗೇಟಿನ ತನಕ ಮಾತ್ರ. ಮಾವ, ಅತ್ತೆ, ಆರು ವರ್ಷದ ಮಗ ನರೇಂದ್ರ ಮೂವರನ್ನೂ ಅವಳು ಗೇಟಿನಲ್ಲೇ ಬೀಳ್ಕೊಟ್ಟಿದ್ದಳು. ಮಗನನ್ನು ಎಲ್ಲಿಟ್ಟಿರಿ ಎಂದು ಕೇಳಿದಾಗಲೆಲ್ಲ ಗಂಡ “ಹುಣಸೇಮರದತ್ರ” ಎನ್ನುತ್ತಿದ್ದ. ಸ್ಮಶಾನದ ಆ ಮರವನ್ನು ಅವಳು ಇವತ್ತಿನವರೆಗೂ ನೋಡಿರಲಿಲ್ಲ.

*

ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ಬ್ಯಾಟರಾಯಪ್ಪ ಯಾವುದೋ ದೊಡ್ಡ ಜೀಪಿನ ಸೈಡ್ ಸ್ಟೆಪ್ಪುಗಳನ್ನು ಜೋಡಿಯಾಗಿ ಹೊತ್ತು ತಂದಿದ್ದ.

“ನಿನ್ ಮಂಡಿನೋವಿಗೆ ಕಣೇ. ಇದರ ಮೇಲೆ ಕಾಲಿಟ್ಟು ಹತ್ತಿ ಮುಂದ್ಗಡೆ ಕೂತ್ಕೋ. ಹುಣಸೇಮರದ ಗಂಟ ಕರ್ಕೊಂಡೋಯ್ತೀನಿ.”

ರಹಮತುಲ್ಲಾ ತಾನು ಹಾಕಿಕೊಡುತ್ತೇನೆ ಎಂದಿದ್ದ. “ಎಂಟು ಬೋಲ್ಟು. ಇದಕ್ಕೊಬ್ಬ ಮೆಕ್ಯಾನಿಕ್ಕಾ?” ಎಂದು ಬ್ಯಾಟರಾಯಪ್ಪ ಗೋಣಿಚೀಲ ಹಾಸಿ ಗಾಡಿಯಡಿ ಮಲಗಿದ. ಎಡಗಡೆಯದನ್ನು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಬಲಗಡೆಯದನ್ನು ಕತ್ತಲಾಗುವ ಮುಂಚೆ ಹೇಗೋ ಮುಗಿಸಿದ. ಅಂಗಳದಲ್ಲಿ ಅಗಲವಾದ ಗಾಡಿ ಗೇಟಿನಲ್ಲೂ ಹೋಗಬೇಕಲ್ಲ ಎಂಬುದು ಮರುದಿನ ಬೆಳಗಿನ ಜಾವ ಗೊತ್ತಾಯಿತು.

“ನಾನ್ ಕೂರೋದು ಎಡಗಡೆ. ನಿಮ್ ಕಡೇದು ಬಿಚ್ಚಾಕಿ,” ಎಂದಳು ಹೆಂಡತಿ.

“ಹೆಂಗಸ್ರ ಕಡೆ ಇದ್ದು ಡ್ರೈವರ್ ಕಡೆ ಇಲ್ದಿದ್ರೆ ಯಾರ್ಡಲ್ಲಿ ಏನಂತಾರೆ? ಜೋಡಿ ಅಂದ್ರೆ ಜೋಡಿ.”

“ಇಲ್ಲಾ ಕಂಬ ಒಡೀರಿ.”

“ನಮ್ಮಪ್ಪ ನೆಟ್ಟಿರೋದು ಕಣೇ ಅದು.”

ಅಲ್ಲಿಂದ ಮುಂದೆ ಅವನು ಬಸ್ಸಿನಲ್ಲಿ ಯಶವಂತಪುರಕ್ಕೆ ಹೋಗಿ ಬೇರೆಯವರ ಗಾಡಿ ಓಡಿಸಿದ. ಸಂಜೆ ಗಂಡ ಹೆಂಡತಿ ಸ್ವಂತ ಗಾಡಿ ಹತ್ತಿ ಕೂತು, ಗಾಜಿನಾಚೆಯ ಗೇಟು ನೋಡುತ್ತ ಕಡಲೇಕಾಯಿ ಬಿಡಿಸುತ್ತಿದ್ದರು. ಗೇಟಿನ ಮಾತೆತ್ತಿದರೆ ಅವನು ನಾಳೆ ನೋಡೋಣ ಎನ್ನುತ್ತಿದ್ದ. ಈ ಮಂಗಳವಾರ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

*

“ಎರಡನ್ನೂ ಬಿಚ್ಚಾಕಿ ಅತ್ಲಾಗೆ,” ಎಂದ ಸುಬ್ರಮಣಿ.

“ಬಲಗಡೇದು ಸಾಕು,” ಎಂದಳು ಮುನಿನಾರಾಯಣಮ್ಮ. ಬೆಳಿಗ್ಗೆಯಿಂದ ಅವಳಾಡಿದ ಮೊದಲ ಮಾತು.

ರಹಮತುಲ್ಲಾ ಕೈಯಲ್ಲೇ ಅಳೆದು ನೋಡಿದ. “ಅಮ್ಮ ಹೇಳೋದು ಸರಿ.” ಗಾಡಿಯನ್ನು ಅಂಗಳಕ್ಕೆ ಹಿಂದೆ ತೆಗೆದು, ಸ್ಪ್ಯಾನರ್ ಹಿಡಿದು ಅಡಿಗೆ ನುಗ್ಗಿದ. ಗಂಡಸರೆಲ್ಲ ಸಲಹೆ ಕೊಡಲು ಬಲಗಡೆ ನೆರೆದರು. ಮೂರು ಬೋಲ್ಟು ಬರಿಗೈಯಲ್ಲೇ ತಿರುಗಿದವು.

“ಅಣ್ಣ ಇದನ್ನ ಸುಮ್ನೆ ನೇತಾಕಿದ್ರು ಕಣ್ರೀ,” ಎಂಬ ದನಿ ಗಾಡಿಯಡಿಯಿಂದ ಬಂತು.

ಎಡಗಡೆ ಯಾರೂ ಇರಲಿಲ್ಲ. ಮುನಿನಾರಾಯಣಮ್ಮ ಜಗಲಿ ಇಳಿದು, ಬಾಗಿಲು ತೆಗೆದು, ಸ್ಟೆಪ್ಪಿನ ಮೇಲೆ ಕಾಲಿಟ್ಟಳು. ಅದು ಅಲುಗಾಡಲಿಲ್ಲ. ಹತ್ತಿ ಕೂತು ಬಾಗಿಲು ಹಾಕಿಕೊಂಡಳು.

ಕೈ ಒರೆಸಿಕೊಂಡು ಬಂದ ರಹಮತುಲ್ಲಾ ಅವಳನ್ನು ನೋಡಿದ, ಬೀಗದ ಕೈ ತಿರುಗಿಸಿದ. ಅವಳು ಸುಬ್ರಮಣಿಯ ಕಣ್ಣಿಗೆ ಬಿದ್ದಾಗ ಗಾಡಿ ಕಂಬಗಳ ನಡುವೆ ಇತ್ತು.

“ಅತ್ಗೆ, ಇಳೀರಿ. ಹೆಂಗಸ್ರು ಬರಂಗಿಲ್ಲ.”

“ಇಳೀತೀನಿ. ಬಾಗ್ಲು ತಗಿ.”

ಅವನು ಎಳೆದ. ಬಾಗಿಲು ಎರಡು ಬೆರಳು ತೆರೆದು ಕಂಬಕ್ಕೆ ಬಡಿಯಿತು.

“ಸಾಬ್ರೇ, ಹಿಂದಕ್ ತಗೊಳ್ಳಿ.”

“ಹೊರಟ ಹೆಣನ ಒಂದ್ಸಲ ಹಿಂದಕ್ ತಂದಿದ್ದೇ ತಪ್ಪು. ಇನ್ನೊಂದ್ಸಲ ನನ್ ಕೈಲಾಗಲ್ಲ.”

ಸುಬ್ರಮಣಿ ಹಿರಿಯರತ್ತ ನೋಡಿದ. ಹಿರಿಯರು ಆಗಲೇ ಗಾಡಿಯ ಹಿಂದೆ ಸಾಲುಗಟ್ಟಿದ್ದರು.

“ಆಯ್ತು, ಮುಂದೆ ಜಾಗ ಸಿಕ್ಕಿದ್ ಕಡೆ ಇಳೀಲಿ,” ಎಂದ ಅವನು.

ಗೇಟಿನಾಚೆ ಓಣಿಯ ಉದ್ದಕ್ಕೂ ಎರಡೂ ಬದಿ ಕಾಂಪೌಂಡು, ಅದಕ್ಕೊರಗಿಸಿದ ಬೈಕುಗಳು. ಮೇನ್ ರೋಡಿನಲ್ಲಿ ಎಡಕ್ಕೊಂದು ಬಸ್ಸು ಅಂಟಿಕೊಂಡೇ ಬಂತು, ಹಿಂದೆ ಆಟೋಗಳ ಹಾರ್ನು. ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಸಿಕ್ಕಿದ್ದು ಸ್ಮಶಾನದಲ್ಲಿ.