ಕವಳಿಗಡ್ಡಿಗೆ ಹೋದ ನಕ್ಷೆ

ನಾನು ಒಂದು ಹಳೆಯ ನಕ್ಷೆ. ನಾಡಿನ ಉತ್ತರದ ಅಂಚಿನಲ್ಲಿ ಕೃಷ್ಣೆ ಕವಲೊಡೆದು ಜೊಂಡಿನೊಳಗೆ ಹರಡಿಕೊಳ್ಳುವ ಜೌಗುನೆಲವೇ ನನ್ನ ಮೈ. ಸರ್ವೆಯರ್ ನರಹರಿರಾಯರು ಸೊಂಟಮಟ್ಟದ ಕೆಸರಿನಲ್ಲಿ ನಡೆದು ಅಳೆದದ್ದನ್ನು ಅಚ್ಚುಕೂಟದವರು ನನ್ನ ಮೇಲೆ ಮೂಡಿಸಿದರು. ನೀರಿಗೆ ನೀಲಿ, ಜೊಂಡಿಗೆ ಹಸಿರು, ಎತ್ತರದ ನೆಲಕ್ಕೆ ಕಂದು ಗೆರೆ. ಹರಿಯದಿರಲೆಂದು ಬೆನ್ನಿಗೆ ಬಟ್ಟೆ ಅಂಟಿಸಿದರು.

ನಿವೃತ್ತರಾದ ಮೇಲೆ ರಾಯರು ನನ್ನನ್ನು ತಮ್ಮ ಮನೆಯಲ್ಲಿ ಬಾಡಿಗೆಗಿದ್ದ ನರ್ಸ್ ದಾಕ್ಷಾಯಣಿಗೆ ಕೊಟ್ಟರು. ಹೊಳೆಸಾಲಿನ ಊರುಗಳನ್ನು ಸುತ್ತುವ ಆಕೆಯ ಚೀಲದಲ್ಲಿ ಟಿಂಚರಿನ ವಾಸನೆ ಹೀರುತ್ತ ನಾನು ಬದುಕಿದೆ.

ಒಂದು ಶ್ರಾವಣದಲ್ಲಿ ಹೊಳೆ ಉಕ್ಕಿತು. ನಡುಗಡ್ಡೆಯ ಊರಾದ ಕವಳಿಗಡ್ಡಿಯಲ್ಲಿ ಗೌರಮ್ಮನಿಗೆ ಹೆರಿಗೆ ಕಷ್ಟವಾಗಿದೆಯೆಂದು ಫೋನ್ ಬಂತು. ದಾಕ್ಷಾಯಣಿ ದಡಕ್ಕೆ ಬಂದಾಗ ಅಂಬಿಗ ಯಂಕೋಬ ಹರಗೋಲು ಮಗುಚಿ ಹಾಕಿ ಕೂತಿದ್ದ.

"ನಡು ಹೊಳ್ಯಾಗ ಹಾಕಿದ್ರ ಇಬ್ರೂ ಉಳಿಯಂಗಿಲ್ರಿ, ಅಕ್ಕಾರ."

"ನಡು ಹೊಳಿ ಬ್ಯಾಡಪ್ಪ. ಇಲ್ನೋಡು," ಎಂದು ದಾಕ್ಷಾಯಣಿ ನನ್ನನ್ನು ಹರಗೋಲಿನ ಬೆನ್ನ ಮೇಲೆ ಹರಡಿದಳು. "ಈ ದಿಬ್ಬದ ಹಿಂದ ಸೆಳವು ಇರಂಗಿಲ್ಲ. ದಿಬ್ಬದಿಂದ ದಿಬ್ಬಕ್ಕ ಹೋಗೂಣು."

"ದಿಬ್ಬ ಮುಣಗ್ಯಾವ್ರಿ."

"ಮ್ಯಾಲಿನ ಜಾಲಿ ತುದಿ ಕಾಣತಾವಲ್ಲ?"

ಯಂಕೋಬ ಕಂದು ಗೆರೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹುಟ್ಟು ಕೈಗೆತ್ತಿಕೊಂಡ.

ನಾನು ತೋರಿಸಿದ ಒಂದು ಕವಲು ಮರಳು ತುಂಬಿ ಮುಚ್ಚಿಹೋಗಿತ್ತು. ಹರಗೋಲು ಜೊಂಡಿನಲ್ಲಿ ಸಿಕ್ಕಿಕೊಂಡಿತು. ದಾಕ್ಷಾಯಣಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಯಂಕೋಬನ ಜೊತೆ ಅದನ್ನು ಎಳೆದಳು. ಆಕೆಯ ಕೊರಳಿಗೆ ಬಿಗಿದ ಚೀಲದಲ್ಲಿ ನನಗೆ ಆಕೆಯ ಏದುಸಿರು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಗೌರಮ್ಮ ಉಳಿದಳು. ಮಗು ಉಳಿಯಲಿಲ್ಲ.

ನೀರಿಳಿದ ಮೇಲೆ ದಾಕ್ಷಾಯಣಿ ತಾಲ್ಲೂಕು ಕಚೇರಿಗೆ ಹೋಗಿ, ಗಡ್ಡಿಯಲ್ಲೇ ಒಂದು ಹೆರಿಗೆ ಕೋಣೆ ಬೇಕೆಂದಳು. ಅಧಿಕಾರಿ ನನ್ನ ಮೇಲೆ ಬೆರಳಾಡಿಸಿ, "ಇದರಾಗ ಆ ಊರೇ ಇಲ್ಲಲ್ಲ ತಾಯಿ" ಅಂದರು. ರಾಯರು ಅಳೆದಾಗ ಅಲ್ಲಿ ಇನ್ನೂ ಯಾರೂ ಮನೆ ಕಟ್ಟಿರಲಿಲ್ಲ.

"ನೋಡಾಕ ಬರ್ರಿ ಸಾಹೇಬ್ರ. ನಾನೇ ಕರಕೊಂಡ ಹೋಗ್ತೀನಿ." ಆಕೆ ಅವರ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದು, ನನ್ನ ಹಸಿರಿನ ನಡುವೆ 'ಕವಳಿಗಡ್ಡಿ' ಎಂದು ಬರೆದಳು.

ಅವರು ಬರಲಿಲ್ಲ. ಆಕೆ ಮತ್ತೆ ಹೋದಳು. ಅಧಿಕಾರಿಗಳು ಬದಲಾದರು, ನನ್ನ ಮಡಿಕೆಗಳು ಹರಿದವು, ಆಕೆಯ ಕೂದಲು ನೆರೆಯಿತು. ಹೋಗುವುದು ಮಾತ್ರ ನಿಲ್ಲಲಿಲ್ಲ. ಕಡೆಗೊಬ್ಬರು ಯಂಕೋಬನ ಹರಗೋಲಿನಲ್ಲಿ ಕೂತು ಬಂದರು.

ಈಗ ನಾನು ಗಡ್ಡಿಯ ಹೆರಿಗೆ ಕೋಣೆಯ ಗೋಡೆಯ ಮೇಲಿದ್ದೇನೆ. ನನ್ನ ನೀಲಿ ಮಾಸಿದೆ. ಹೊಳೆ ದಾರಿ ಬದಲಿಸಿದೆ, ನನ್ನನ್ನು ನಂಬಿ ಇನ್ನು ಯಾರೂ ನೀರಿಗಿಳಿಯುವಂತಿಲ್ಲ. ಎದುರಿನ ಮಂಚದಲ್ಲಿ ಹೆಂಗಸೊಬ್ಬಳು ಹಲ್ಲು ಕಚ್ಚಿ ನೋವು ತಡೆಯುತ್ತಿದ್ದಾಳೆ. ಹೊರಗೆ ಹೊಳೆ ತುಂಬಿ ಹರಿಯುತ್ತಿದೆ. ಆಕೆ ಅದನ್ನು ದಾಟಬೇಕಾಗಿಲ್ಲ.